ಕಾರವಾರದಲ್ಲಿ ಹಳೆಯ ಐಷಾರಾಮಿ ಕಾರು: ಏಳು ಮಳೆಗಾಲ, ಒಂದು ಹಟಮಾರಿ ಸೀಟು

2009ರ ಮಾಡೆಲ್, ಜರ್ಮನ್ ಸೆಡಾನ್. ನಾನು ಎರಡನೇ ಮಾಲೀಕ. ಎಂಜಿನ್, ಗೇರ್‌ಬಾಕ್ಸ್ ಬಗ್ಗೆ ದೂರಿಲ್ಲ. ಅರಬೈಲ್ ಘಟ್ಟ ಈಗಲೂ ಉಸಿರು ಕಟ್ಟದೆ ಹತ್ತುತ್ತದೆ. ಬರೆಯಬೇಕೆನಿಸಿದ್ದು ಬಟನ್ ಒತ್ತಿದರೆ ಮೋಟಾರಿನಿಂದ ಸರಿಯುವ ಸೀಟು, ಸ್ಟೀರಿಂಗ್ ಬಗ್ಗೆ. ಹಳೆಯ ಕಾರು ಕೊಳ್ಳುವವರು ಟೈರ್ ಒದ್ದು ನೋಡುತ್ತಾರೆ, ಇದನ್ನು ನೋಡುವುದಿಲ್ಲ.

ನನಗೆ ಇದು ಶೋಕಿಯಲ್ಲ. ಸೊಂಟದ ಡಿಸ್ಕ್ ತೊಂದರೆ ಇರುವುದರಿಂದ ಸೀಟಿನ ಬೆನ್ನು ಎರಡು ಬೆರಳು ಆಚೀಚೆಯಾದರೂ ಕುಮಟಾ ತಲುಪುವಷ್ಟರಲ್ಲಿ ಕಾಲು ಜೋಮು ಹಿಡಿಯುತ್ತದೆ. ಹೆಂಡತಿಯೂ ಇದೇ ಕಾರು ಓಡಿಸುತ್ತಾಳೆ, ನನಗಿಂತ ಒಂದಡಿ ಗಿಡ್ಡ. ಬಾಗಿಲ ಬದಿಯ ಮೆಮೊರಿ ಬಟನ್ನುಗಳಲ್ಲಿ 1 ಒತ್ತಿದರೆ ನನ್ನ ಅಳತೆ, 2 ಒತ್ತಿದರೆ ಅವಳದು. ಸೀಟು, ಸ್ಟೀರಿಂಗ್, ಕನ್ನಡಿ ಮೂರೂ ಒಟ್ಟಿಗೆ ಬಂದು ಕೂರುತ್ತವೆ. ಈ ಒಂದು ಸುಖಕ್ಕಾಗಿಯೇ ಕಾರನ್ನು ಇಟ್ಟುಕೊಂಡಿದ್ದೇನೆ ಎಂದರೂ ತಪ್ಪಲ್ಲ.

ಮೂರನೇ ಮಳೆಗಾಲದ ಆಗಸ್ಟಿನಲ್ಲಿ ಕೈಕೊಟ್ಟಿತು. ಹಿಂದಿನ ಸಂಜೆ ಅವಳು ಓಡಿಸಿಕೊಂಡು ಬಂದಿದ್ದಳು. ಬೆಳಿಗ್ಗೆ 1 ಒತ್ತಿದೆ. ಸೀಟಿನ ಅಡಿಯಿಂದ ‘ಟಕ್’ ಅಂದಿತು, ಅಷ್ಟೇ. ಸೀಟು ಪೂರ್ತಿ ಮುಂದೆ, ಸ್ಟೀರಿಂಗ್ ತೊಡೆಗೆ ತಾಗುವಷ್ಟು ಕೆಳಗೆ. ನನಗೆ ಒಳಗೆ ಕೂರಲಿಕ್ಕೇ ಆಗಲಿಲ್ಲ.

ಹೆಂಡತಿಯೇ ಓಡಿಸಿಕೊಂಡು ಹೊರ ಊರಿನ ದೊಡ್ಡ ವರ್ಕ್‌ಶಾಪಿಗೆ ಒಯ್ದೆವು. ಅಲ್ಲಿ ದೋಷ ಓದುವ ಸ್ಕ್ಯಾನರ್ ಹಚ್ಚಿ, ಸೀಟಿನ ಮಾಡ್ಯೂಲ್ (ಸೀಟನ್ನು ನಡೆಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಹೋಗಿದೆ, ಹೊಸದಕ್ಕೆ, ಅದನ್ನು ಕಾರಿಗೆ ಹೊಂದಿಸುವ ಕೋಡಿಂಗ್ ಸೇರಿ, 78,000 ರೂಪಾಯಿ ಎಂದರು. ಸ್ಕ್ಯಾನರ್ ಹೇಳುವುದು ಸೀಟು ಸರಿಯಲಿಲ್ಲ ಎಂದಷ್ಟೇ. ಯಾಕೆ ಸರಿಯಲಿಲ್ಲ ಎಂಬುದನ್ನು ಮನುಷ್ಯರೇ ಹುಡುಕಬೇಕು. ಹುಡುಕಿದವರು ಕೋಡಿಬಾಗದ ಒಬ್ಬ ಆಟೋ ಎಲೆಕ್ಟ್ರಿಷಿಯನ್.

ಅವರು ಮೊದಲು ಬ್ಯಾಟರಿ ನೋಡಿದರು. 12.1 ವೋಲ್ಟ್ ಇತ್ತು. ಬ್ಯಾಟರಿ ಸೊರಗಿದರೆ ಇಂಥ ಕಾರುಗಳು ಮೊದಲು ಆರಾಮದ ಕೆಲಸಗಳನ್ನೇ ನಿಲ್ಲಿಸುತ್ತವಂತೆ. ಚಾರ್ಜ್ ಮಾಡಿದ ಮೇಲೂ ಸೀಟು ಜಗ್ಗಲಿಲ್ಲ. 30 ಆಂಪಿಯರ್ ಫ್ಯೂಸ್ ಸರಿಯಿತ್ತು. ಆಮೇಲೆ ಸೀಟಿಗೆ ಕರೆಂಟ್ ಬರುವ ಪ್ಲಗ್ಗಿಗೆ ಮೀಟರ್ ಹಿಡಿದರು. ಸುಮ್ಮನೆ ನೋಡಿದಾಗ 12.4, ನಾನು ಸ್ವಿಚ್ ಒತ್ತಿದ ಕೂಡಲೇ 8ಕ್ಕೆ ಕುಸಿಯಿತು.

“ಸರ್, ನಾಲ್ಕು ವೋಲ್ಟ್ ದಾರಿಯಲ್ಲೇ ಸೋರಿ ಹೋಗ್ತಾ ಇದೆ. ಮಾಡ್ಯೂಲಿಗೆ ಕೈ ಹಚ್ಚೋದು ಬೇಡ,” ಎಂದರು.

ಸೀಟು ಬಿಚ್ಚೋಣವೆಂದರೆ ಮುಂದಿನ ಎರಡು ಬೋಲ್ಟುಗಳು ಸೀಟಿನ ಅಡಿಗೇ ಸೇರಿಬಿಟ್ಟಿದ್ದವು. ಮೋಟಾರಿನ ಪ್ಲಗ್ ಎಳೆದು, ಫ್ಯೂಸ್ ಹಾಕಿದ ಎರಡು ವಯರಿನಿಂದ ಬೇರೆ ಬ್ಯಾಟರಿಯ ಕರೆಂಟ್ ನೇರ ಕೊಟ್ಟರು. ವಯರ್ ಅದಲುಬದಲು ಮಾಡಿದಾಗ ಸೀಟು ತಾನಾಗಿ ಹಿಂದೆ ಸರಿಯಿತು. ಮೋಟಾರು ಗಟ್ಟಿಯಾಗಿಯೇ ಇತ್ತು! ಒಂದು ಎಚ್ಚರಿಕೆ: ಸೀಟಿನಡಿಯ ಹಳದಿ ಪ್ಲಗ್ ಏರ್‌ಬ್ಯಾಗಿನದು. ಅದಕ್ಕೆ ಮೀಟರ್ ತಾಗಿಸಬೇಡಿ. ಅದನ್ನು ತೆಗೆಯುವ ಮೊದಲು ಕಾರಿನ ಬ್ಯಾಟರಿ ಕಳಚಿ ಹತ್ತು ನಿಮಿಷವಾದರೂ ಕಾಯಬೇಕು.

ಕಾರ್ಪೆಟ್ ಎತ್ತಿದಾಗ ಕಾರಣ ಕಂಡಿತು. ಅಡಿಯ ದಪ್ಪ ಫೋಮ್ ಹಿಂಡಿದರೆ ನೀರು ಇಳಿಯುವಷ್ಟು ನೆಂದಿತ್ತು. ಅರ್ಥ್ ವಯರಿನ ಪಿನ್ನು ತಾಮ್ರದ ಹಸಿರು ಕಿಲುಬು ಹಿಡಿದು ಉಗುರು ತಾಗಿಸಿದರೆ ಉದುರುತ್ತಿತ್ತು. ನೀರು ಬಂದದ್ದು ಸನ್‌ರೂಫಿನಿಂದ. ಅದರ ಮೂಲೆಯಿಂದ ಕೆಳಗಿಳಿಯುವ ಸಣ್ಣ ಕೊಳವೆಯಲ್ಲಿ ನಮ್ಮ ಅಂಗಳದ ಬಕುಳದ ಹೂಗಳು ಒಣಗಿ, ಧೂಳಿನ ಜೊತೆ ಬಿರಡೆಯಂತೆ ಕೂತಿದ್ದವು. ಒಳಗೆ ನೀರು, ಹೊರಗೆ ಕಡಲ ಉಪ್ಪುಗಾಳಿ. ತಾಮ್ರ ಎಷ್ಟು ದಿನ ತಡೆದೀತು?

ಹೊಸ ಟರ್ಮಿನಲ್, ಗ್ರೀಸ್, ಎರಡು ದಿನದ ಮಜೂರಿ ಸೇರಿ 2,600 ರೂಪಾಯಿ. ಫೋಮ್ ಒಣಗಿಸುವುದೇ ದೊಡ್ಡ ಕೆಲಸವಾಯಿತು. ಆಗಸ್ಟಿನಲ್ಲಿ ಇಲ್ಲಿ ಬಿಸಿಲೆಲ್ಲಿಂದ ಬರಬೇಕು? ಬಚ್ಚಲ ಒಲೆಯ ಹತ್ತಿರ, ಮಕ್ಕಳ ಸಮವಸ್ತ್ರದ ಪಕ್ಕ ನಾಲ್ಕು ದಿನ ತೂಗುಹಾಕಿದೆವು. ಎಲ್ಲ ಜೋಡಿಸಿದ ಮೇಲೆ ಸೀಟನ್ನು ಪ್ರತಿ ದಿಕ್ಕಿನಲ್ಲೂ ಕೊನೆಯವರೆಗೆ ಓಡಿಸಿ, ಅಳತೆಗಳನ್ನು ಮತ್ತೆ ಮೆಮೊರಿಗೆ ಕೊಟ್ಟೆವು. ಅಲ್ಲಿಂದ ಇಲ್ಲಿಯವರೆಗೆ ತಪ್ಪಿಲ್ಲ.

ಸ್ಟೀರಿಂಗಿನ ಕಥೆ ಬೇರೆ. ಅದು ಐದನೇ ವರ್ಷ ಹಟ ಹಿಡಿಯಿತು. ‘ಗುರ್’ ಎಂಬ ಸದ್ದು ಬರುತ್ತಿತ್ತು, ಸ್ಟೀರಿಂಗ್ ಮಾತ್ರ ನನ್ನ ಕಡೆ ಬರುತ್ತಿರಲಿಲ್ಲ. ಸದ್ದಿದ್ದೂ ಚಲನೆ ಇಲ್ಲವೆಂದರೆ ಮೋಟಾರಿಗೆ ಕರೆಂಟ್ ಸಿಗುತ್ತಿದೆ, ಮುಂದಿನ ಗೇರು ಅಥವಾ ಕೇಬಲ್ ಸವೆದಿದೆ ಎಂದರ್ಥ. ಸದ್ದೇ ಇಲ್ಲದಿದ್ದರೆ ಫ್ಯೂಸು, ಸ್ವಿಚ್ಚು, ವಯರು ನೋಡಬೇಕು. ನಮ್ಮದರಲ್ಲಿ ಕೇಬಲ್ಲಿನ ಚೌಕ ತುದಿ ಗುಂಡಗಾಗಿತ್ತು. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಹಳೆಯ ಭಾಗ ತರಿಸಿದೆವು, 9,500 ಆಯಿತು. ಕೀಲಿ ತೆಗೆದಾಗಲೆಲ್ಲ ಸ್ಟೀರಿಂಗ್ ಮೇಲೆ ಹೋಗಿ ಇಳಿಯಲು ಜಾಗ ಬಿಡುವ ಸೌಲಭ್ಯವನ್ನು ಮೆನುವಿನಲ್ಲಿ ಆಫ್ ಮಾಡಿಟ್ಟಿದ್ದೇನೆ. ದಿನಕ್ಕೆ ಹತ್ತು ಸಲದ ಸವೆತ ತಪ್ಪಿತು.

ಇಂಥ ಕಾರು ನೋಡಲು ಹೋದರೆ ಸೀಟನ್ನು ಎಲ್ಲ ದಿಕ್ಕಿಗೂ ಓಡಿಸಿ. ಒಂದು ಬದಿ ಹಿಂದುಳಿದು ಸೀಟು ಓರೆಯಾದರೆ ಅಡಿಯ ಕೇಬಲ್ ಸವೆದಿರಬಹುದು. ಕಾರ್ಪೆಟ್ ಕೆಳಗೆ ಕೈ ಹಾಕಿ. ಸನ್‌ರೂಫ್ ತೆರೆದು ಅದರ ಮೂಲೆಗೆ ಅರ್ಧ ಲೋಟ ನೀರು ಹೊಯ್ಯಿರಿ, ಕಾರಿನ ಅಡಿಗೆ ತೊಟ್ಟಿಕ್ಕದಿದ್ದರೆ ಬೆಲೆ ಇಳಿಸಲು ಹೇಳಿ.

ಆರಾಮಕ್ಕೆ ಐದಕ್ಕೆ ಐದು ಕೊಡುತ್ತೇನೆ, ಕರಾವಳಿಯಲ್ಲಿ ಅದರ ವಯರಿಂಗಿಗೆ ಮೂರು. ಕಾರನ್ನು ಈಗ ಬಕುಳದ ಮರದಿಂದ ದೂರ ನಿಲ್ಲಿಸುತ್ತೇವೆ. ಇಷ್ಟು ವರ್ಷ ಖಾಲಿಯಿದ್ದ 3ನೇ ಬಟನ್ನಿಗೆ ಈ ಮೇ ತಿಂಗಳಲ್ಲಿ, ಲೈಸೆನ್ಸ್ ಸಿಕ್ಕ ದಿನ, ಮಗಳು ತನ್ನ ಅಳತೆ ಕೊಟ್ಟಳು.