ಪಾಂಡಿಚೇರಿಯ ಸಮುದ್ರದಲ್ಲಿ ಸೂರ್ಯ ಮುಳುಗುವುದಿಲ್ಲ

ಕಳೆದ ವಾರ ಅಮ್ಮ ಫೋನ್ ಮಾಡಿ, "ನೀವಿಬ್ಬರೂ ಪಾಂಡಿಚೇರಿಯಲ್ಲಿ ಉಳಿದಿದ್ದಿರಲ್ಲ, ಆ ಬಾಲ್ಕನಿ ಮನೆಯ ನಂಬರು ಕೊಡು, ತಮ್ಮನಿಗೆ ಬೇಕಂತೆ" ಎಂದಳು. ತಮ್ಮನಿಗೆ ಮದುವೆಯಾಗಿ ಎರಡು ತಿಂಗಳು. ನನ್ನ ಎದೆ ಧಸಕ್ಕೆಂದಿತು. ಆ ಬಾಲ್ಕನಿ ಮನೆಯಲ್ಲಿ ನಾವು ಉಳಿದೇ ಇರಲಿಲ್ಲ. ಮೋಸ ಹೋದ ನಾಚಿಕೆಗೆ ಅಮ್ಮನಿಗೆ ಒಂದು ಸುಳ್ಳು ಹೇಳಿದ್ದೆ: ಕೋಣೆ ಚೆನ್ನಾಗಿತ್ತು, ಕಿಟಕಿ ತೆಗೆದರೆ ಸಮುದ್ರ, ಇತ್ಯಾದಿ. ಆ ಸುಳ್ಳು ಈಗ ಬಡ್ಡಿ ಸಮೇತ ಮನೆಗೆ ಬಂದು ನಿಂತಿತ್ತು. ಅಮ್ಮನಿಗೆ ನಿಜ ಹೇಳಿದ ಮೇಲೆ ಊರಿಗೆಲ್ಲ ಹೇಳುವುದು ಕಷ್ಟವೆನಿಸಲಿಲ್ಲ. ಹಾಗಾಗಿ ಇದನ್ನು ಬರೆಯುತ್ತಿದ್ದೇನೆ.

ಮದುವೆಯಾಗಿ ಎಂಟು ವರ್ಷ. ಮಗಳು ಹುಟ್ಟಿದ ಮೇಲೆ ನಾವಿಬ್ಬರೇ ಎಲ್ಲಿಗೂ ಹೋಗಿರಲಿಲ್ಲ. ಈ ಸಲ ಮಗಳನ್ನು ತವರಿನಲ್ಲಿ ಬಿಟ್ಟು ಶನಿವಾರ, ಭಾನುವಾರ ಪಾಂಡಿಚೇರಿಗೆ ಹೋಗುವುದೆಂದು ನಾನೇ ತೀರ್ಮಾನಿಸಿದೆ. ಬೆಂಗಳೂರಿನಿಂದ ಸುಮಾರು 310 ಕಿಲೋಮೀಟರ್. ನಮ್ಮವರು ಇಂಥ ವಿಷಯಗಳಲ್ಲಿ "ನೀನು ಹೇಳಿದ ಕಡೆ ಬರುತ್ತೇನೆ" ಎಂದು ಕೈ ತೊಳೆದುಕೊಳ್ಳುವವರು. ಆದ್ದರಿಂದ ಕೀರ್ತಿಯೂ ನನ್ನದೇ, ಅಪಕೀರ್ತಿಯೂ ನನ್ನದೇ.

ದಿನವನ್ನು ಹುಣ್ಣಿಮೆ ನೋಡಿಯೇ ಆರಿಸಿದ್ದೆ. ಪಾಂಡಿಚೇರಿಗೆ ಸಮುದ್ರ ಇರುವುದು ಪೂರ್ವಕ್ಕೆ. ಹುಣ್ಣಿಮೆಯ ದಿನ ಸೂರ್ಯ ಮುಳುಗುವ ಹೊತ್ತಿಗೇ ಪೂರ್ವದಲ್ಲಿ ಚಂದ್ರ ಏಳುತ್ತಾನೆ. ಬೀಚ್ ರಸ್ತೆಯಲ್ಲಿ ಸಂಜೆ ವಾಹನ ಬಿಡುವುದಿಲ್ಲ, ಕೈ ಕೈ ಹಿಡಿದು ನಡೆಯುತ್ತಾ ಸಮುದ್ರದಿಂದ ಚಂದ್ರ ಮೇಲೇಳುವುದನ್ನು ನೋಡಬಹುದು. ಇಷ್ಟು ಖಗೋಳಶಾಸ್ತ್ರ ನನಗೆ ಗೊತ್ತಿತ್ತು. ಇನ್ನರ್ಧ ಗೊತ್ತಿದ್ದರೆ ಹತ್ತು ಸಾವಿರ ರೂಪಾಯಿ ಉಳಿಯುತ್ತಿತ್ತು.

ಕೋಣೆ ಸಿಕ್ಕಿದ್ದು ಮೊಬೈಲಿನಲ್ಲಿ, ಜೋಡಿಗಳಿಗೆಂದೇ ಇರುವಂಥ ಒಂದು ಪುಟದಲ್ಲಿ. ಸಾಸಿವೆ ಹಳದಿಯ ಗೋಡೆ, ಬಿಳಿ ಅಂಚು, ಗೋಡೆಯ ಮೇಲೆ ಹಬ್ಬಿದ ಕಾಗದದ ಹೂವು, ಎರಡು ಬೆತ್ತದ ಕುರ್ಚಿಯ ಬಾಲ್ಕನಿ. ಬಾಲ್ಕನಿಯ ಕೆಳಗೆ ಬಂಗಾರದ ಮರಳು, ತೆಂಗಿನ ಮರ, ಮುಂದೆ ಸಮುದ್ರಕ್ಕೆ ಇಳಿಯುತ್ತಿರುವ ಕೆಂಪು ಸೂರ್ಯ. ವಿಳಾಸ ವೈಟ್ ಟೌನ್, ಅಂದರೆ ಹಳೆಯ ಫ್ರೆಂಚ್ ಬಡಾವಣೆ. ಎರಡು ರಾತ್ರಿಗೆ 9,000 ರೂಪಾಯಿ. ಸಂದೇಶ ಕಳಿಸಿದ ಐದೇ ನಿಮಿಷಕ್ಕೆ ಉತ್ತರ ಬಂತು: ಆ ವಾರಾಂತ್ಯಕ್ಕೆ ಉಳಿದಿರುವುದು ಇದೊಂದೇ ಕೋಣೆ, ಇನ್ನೊಂದು ಜೋಡಿ ಕೇಳುತ್ತಿದೆ, ಅರ್ಧ ಹಣ ಹಾಕಿದರೆ ನಿಮಗೇ. 4,500 ಹಾಕಿದೆ. ಹಣ ಕಳಿಸುವಾಗ ಪರದೆಯ ಮೇಲೆ ಮೂಡಿದ್ದು ಹೋಂಸ್ಟೇಯ ಹೆಸರಲ್ಲ, ಯಾರೋ ಒಬ್ಬ ವ್ಯಕ್ತಿಯ ಹೆಸರು. ಅದನ್ನು ನಾನು ನೋಡಿದೆ. ನೋಡಿಯೂ ಒತ್ತಿದೆ.

ಎರಡು ದಿನ ಬಿಟ್ಟು ಇನ್ನೊಂದು ಸಂದೇಶ: ವಾರ್ಷಿಕೋತ್ಸವವೇ? ಹಾಸಿಗೆಗೆ ಗುಲಾಬಿ ಅಲಂಕಾರ, ಮೇಣದ ಬತ್ತಿ, ಕೇಕ್, ಎಲ್ಲ ಸೇರಿ 3,500. ಹೂವಿನವನಿಗೆ ಮುಂಚೆಯೇ ಕೊಡಬೇಕು. ಕೊಟ್ಟೆ. ಹೊರಡುವ ಹಿಂದಿನ ದಿನ ಮತ್ತೊಂದು: ಹಳೆಯ ಕಾಲದ ಪೀಠೋಪಕರಣ, ಅದಕ್ಕೆ 2,000 ಠೇವಣಿ, ಹೋಗುವಾಗ ವಾಪಸ್. ಅದನ್ನೂ ಕೊಟ್ಟೆ. ಒಂದೇ ಸಲ ಹತ್ತು ಸಾವಿರ ಕೇಳಿದ್ದರೆ ಖಂಡಿತ ಹುಬ್ಬು ಗಂಟಿಕ್ಕುತ್ತಿದ್ದೆ. ಮೂರು ಕಂತಿನಲ್ಲಿ, ಪ್ರತಿ ಸಲವೂ ಒಂದೊಂದು ಹೂವಿನ ಹೆಸರಿನಲ್ಲಿ ಕೇಳಿದರು.

ಶನಿವಾರ ಮಗಳನ್ನು ಬಿಟ್ಟು ಹೊರಡುವಾಗ ಹನ್ನೊಂದು ಗಂಟೆ. ಹೊಸೂರು, ಕೃಷ್ಣಗಿರಿ, ಊತ್ತಂಗರೈ, ಚೆಂಗಂ ದಾಟಿ ತಿರುವಣ್ಣಾಮಲೈ, ಅಲ್ಲಿಂದ ಜಿಂಜಿ, ತಿಂಡಿವನಂ, ಪಾಂಡಿಚೇರಿ. ಆರೂವರೆ, ಏಳು ಗಂಟೆಯ ದಾರಿ. ಚೆಂಗಂ ದಾಟುತ್ತಿದ್ದಂತೆ ರಸ್ತೆಯ ಪಕ್ಕದಲ್ಲಿ ಬರಿಗಾಲಿನ ಜನ ಕಾಣಿಸತೊಡಗಿದರು. ಮೊದಲು ಹತ್ತು, ಆಮೇಲೆ ನೂರು, ಆಮೇಲೆ ಬಸ್ಸುಗಳ ಸಾಲು. ನಮ್ಮವರು ಗಾಡಿ ನಿಧಾನ ಮಾಡಿ, "ಇವತ್ತು ಏನು ವಿಶೇಷ?" ಎಂದರು. ನಾನು ಹೆಮ್ಮೆಯಿಂದ "ಹುಣ್ಣಿಮೆ" ಎಂದೆ. ಹೇಳಿ ಮುಗಿಸುವಷ್ಟರಲ್ಲಿ ನನಗೇ ಅರ್ಥವಾಯಿತು.

ತಿರುವಣ್ಣಾಮಲೈಯಲ್ಲಿ ಪ್ರತಿ ಹುಣ್ಣಿಮೆಗೆ ಗಿರಿವಲಂ. ಅರುಣಾಚಲ ಬೆಟ್ಟದ ಸುತ್ತ 14 ಕಿಲೋಮೀಟರ್ ಪ್ರದಕ್ಷಿಣೆಗೆ ಲಕ್ಷಗಟ್ಟಲೆ ಜನ ಬರುತ್ತಾರೆ. ಊರೊಳಗೆ ಹೊರಗಿನ ವಾಹನ ಬಿಡುವುದಿಲ್ಲ, ಪೊಲೀಸರು ಹಳ್ಳಿದಾರಿಗಳಿಗೆ ತಿರುಗಿಸುತ್ತಾರೆ. ನಾನು ಚಂದ್ರನಿಗಾಗಿ ಆರಿಸಿದ ದಿನವನ್ನೇ ಆ ಭಕ್ತರೆಲ್ಲರೂ ಆರಿಸಿದ್ದರು, ಅದೂ ನನಗಿಂತ ಒಳ್ಳೆಯ ಕಾರಣಕ್ಕೆ. ಕಬ್ಬಿನ ಗದ್ದೆಗಳ ನಡುವೆ ಒಂದು ಟ್ರ್ಯಾಕ್ಟರಿನ ಹಿಂದೆ ನಿಂತಿದ್ದಾಗ ಚಂದ್ರ ಎದ್ದ. ತುಂಬಾ ಚೆನ್ನಾಗಿಯೇ ಇದ್ದ. ನಮ್ಮವರು ಅವನನ್ನು ನೋಡಲಿಲ್ಲ, ಡೀಸೆಲ್ ಮುಳ್ಳನ್ನು ನೋಡುತ್ತಿದ್ದರು. ಹುಣ್ಣಿಮೆಯ ವಾರಾಂತ್ಯದಲ್ಲಿ ಹೋಗಲೇಬೇಕೆಂದರೆ ವೆಲ್ಲೂರು, ಆರಣಿ ಕಡೆಯಿಂದ ಹೋಗಿ, ಅಥವಾ ರಾತ್ರಿ ಬಸ್ ಹಿಡಿದು ಆ ಸಂಕಟವನ್ನು ಚಾಲಕರಿಗೆ ಬಿಡಿ. ಕಾರ್ತಿಕ ದೀಪದ ದಿನಗಳಲ್ಲಂತೂ ಆ ದಾರಿಯ ಹೆಸರೆತ್ತಬೇಡಿ.

ಪಾಂಡಿಚೇರಿ ತಲುಪಿದಾಗ ರಾತ್ರಿ ಒಂಬತ್ತೂವರೆ. ಅವರು ಕಳಿಸಿದ್ದ ನಕ್ಷೆಯ ಗುರುತು ಹಿಡಿದು ಹೋದರೆ ಹಳದಿ ಗೋಡೆಯ ಮನೆ ಇತ್ತು. ಬೋರ್ಡು ಇಲ್ಲ, ಬಾಲ್ಕನಿ ಇಲ್ಲ. ಗಂಟೆ ಒತ್ತಿದೆವು. ಬಾಗಿಲು ತೆರೆದ ವಯಸ್ಸಾದವರು ನಮ್ಮ ಕೈಯ ಪೆಟ್ಟಿಗೆ ನೋಡಿಯೇ ತಲೆಯಾಡಿಸಿದರು. ಅರ್ಧ ತಮಿಳು, ಅರ್ಧ ಇಂಗ್ಲಿಷಿನಲ್ಲಿ ಅವರು ಹೇಳಿದ್ದು ಇಷ್ಟು: ಇದು ವಾಸದ ಮನೆ, ಬಾಡಿಗೆಗೆ ಕೋಣೆ ಇಲ್ಲ, ಈ ತಿಂಗಳು ಹೀಗೆ ಬಂದ ಮೂರನೆಯ ಜೋಡಿ ನೀವು. ಒಳಗೆ ಹೋಗಿ ಕುಡಿಯಲು ನೀರು ತಂದುಕೊಟ್ಟರು. ನನಗೆ ಅಳು ಬಂದದ್ದು ಹಣ ಹೋದದ್ದಕ್ಕಲ್ಲ, ಆ ನೀರಿಗೆ. ಹೋಂಸ್ಟೇ ನಂಬರಿಗೆ ಕರೆ ಮಾಡಿದರೆ ಸ್ವಿಚ್ ಆಫ್. ಪುಟದಲ್ಲಿ ನನ್ನನ್ನು ಆಗಲೇ ತಡೆಹಿಡಿದಿದ್ದರು.

ಕಾರಿನಲ್ಲಿ ಕೂತು ಆ ಚಿತ್ರಗಳನ್ನು ನಮ್ಮವರಿಗೆ ಮೊದಲ ಸಲ ತೋರಿಸಿದೆ. ಅವರು ಒಂದು ನಿಮಿಷ ನೋಡಿ ಕೇಳಿದರು: "ಇಲ್ಲಿ ಸಮುದ್ರ ಪೂರ್ವಕ್ಕಲ್ಲವೇ? ಸೂರ್ಯ ಅದರಲ್ಲಿ ಹೇಗೆ ಮುಳುಗಿದ?"

ಚಂದ್ರ ಪೂರ್ವದಲ್ಲಿ ಏಳುತ್ತಾನೆಂದು ಲೆಕ್ಕ ಹಾಕಿ ದಿನ ಗೊತ್ತುಮಾಡಿದವಳು ನಾನು. ಅದೇ ಸಮುದ್ರದಲ್ಲಿ ಸೂರ್ಯ ಮುಳುಗುತ್ತಿರುವ ಚಿತ್ರ ನೋಡಿ ಹಣ ಕೊಟ್ಟವಳೂ ನಾನೇ. ಗೋಕರ್ಣ, ಮಲ್ಪೆ, ಕಾರವಾರ ನೋಡಿ ಬೆಳೆದ ನಮಗೆ ಸಮುದ್ರವೆಂದರೆ ಸೂರ್ಯಾಸ್ತ. ಕಣ್ಣು ಅದನ್ನು ಪ್ರಶ್ನಿಸಲೇ ಇಲ್ಲ. ಬಂಗಾರದ ಮರಳೂ ಸುಳ್ಳೇ. ವೈಟ್ ಟೌನಿನ ಅಂಚಿನಲ್ಲಿ ಬಹುಪಾಲು ಕಪ್ಪು ಬಂಡೆಗಳ ರಾಶಿ. 1980ರ ದಶಕದ ಕೊನೆಯಲ್ಲಿ ದಕ್ಷಿಣಕ್ಕೆ ಬಂದರಿನ ತಡೆಗೋಡೆ ಕಟ್ಟಿದ ಮೇಲೆ ಮರಳು ಕೊಚ್ಚಿಹೋಯಿತು, ದಡ ಕೊರೆಯದಿರಲೆಂದು ಬಂಡೆ ಸುರಿದರು. ಅದಕ್ಕೇ ಅದನ್ನು ರಾಕ್ ಬೀಚ್ ಎನ್ನುತ್ತಾರೆ. ಆ ಬಾಲ್ಕನಿಯ ಚಿತ್ರ ಯಾವ ಊರಿನದೋ, ಯಾವ ಕರಾವಳಿಯದೋ. ಆದ್ದರಿಂದ ಕೋಣೆಯ ಚಿತ್ರ ನೋಡುವಾಗ ಹಾಸಿಗೆ ನೋಡಬೇಡಿ, ಕಿಟಕಿಯ ಆಚೆ ಏನಿದೆ ನೋಡಿ. ಅದೇ ಚಿತ್ರವನ್ನು ಅಂತರ್ಜಾಲದಲ್ಲಿ ಹಾಕಿ ಹುಡುಕಿದರೆ ಬೇರೆ ಊರಿನ ಹೋಟೆಲಿನ ಹೆಸರು ಬಂದೀತು. ಪುಟ ಯಾವಾಗ ಶುರುವಾಗಿದೆ, ಎಷ್ಟು ಸಲ ಹೆಸರು ಬದಲಾಗಿದೆ ಎಂಬುದೂ ಅದರ ವಿವರದಲ್ಲಿ ಸಿಗುತ್ತದೆ. ಎಲ್ಲಕ್ಕಿಂತ ಸುಲಭದ್ದು ಹಣ ಕೊಡುವ ಮುಂಚೆ ವಿಡಿಯೋ ಕರೆ ಮಾಡಿ, "ಈಗಲೇ ಬಾಲ್ಕನಿಗೆ ಹೋಗಿ ಕೆಳಗಿನ ರಸ್ತೆ ತೋರಿಸಿ" ಎನ್ನುವುದು. ನಿಜವಾದ ಮನೆಯವರು ಗೊಣಗಿಕೊಂಡಾದರೂ ತೋರಿಸುತ್ತಾರೆ.

ಆ ರಾತ್ರಿ ಒಂದು ಗಂಟೆ ಬೀದಿ ಬೀದಿ ತಿರುಗಿ, ಕೊನೆಗೆ ಬಸ್ ನಿಲ್ದಾಣದ ಹತ್ತಿರದ ಲಾಡ್ಜಿನಲ್ಲಿ ಕೋಣೆ ಸಿಕ್ಕಿತು. 3,800 ರೂಪಾಯಿ. ಅಲ್ಲೂ ಒಂದು ನಾಟಕ. ನನ್ನ ಆಧಾರ್ ಕಾರ್ಡು ಮನೆಯಲ್ಲಿ, ಮೊಬೈಲಿನಲ್ಲಿ ಅದರ ಫೋಟೋ ಮಾತ್ರ. ಫೋಟೋ ನಡೆಯುವುದಿಲ್ಲವೆಂದರು. ಡಿಜಿಲಾಕರ್ ತೆರೆಯಲು ಗುಪ್ತಸಂಖ್ಯೆ ನೆನಪಿಲ್ಲ. ಅಷ್ಟರಲ್ಲಿ ನಮ್ಮಿಬ್ಬರ ಹೆಸರಿನ ಕೊನೆಯ ಭಾಗ ಬೇರೆ ಬೇರೆ ಎಂದು ಕಂಡು, ಮದುವೆಯಾಗಿದೆಯೇ ಎಂದು ಕೇಳಿದರು. ಎಂಟು ವರ್ಷದ ಸಂಸಾರದ ಸುಸ್ತು ಮುಖದ ಮೇಲೆ ಇದ್ದರೂ ಸಾಕ್ಷಿ ಸಾಲಲಿಲ್ಲ. ಮಗಳ ಫೋಟೋ ತೋರಿಸಿದ ಮೇಲೆ ಬೀಗದ ಕೈ ಕೊಟ್ಟರು. ಮದುವೆಯಾಗದ ವಯಸ್ಕ ಜೋಡಿ ಹೋಟೆಲ್ ಕೋಣೆಯಲ್ಲಿ ತಂಗಬಾರದೆಂಬ ಕಾನೂನು ಇಲ್ಲವೆಂದು ಮದ್ರಾಸ್ ಹೈಕೋರ್ಟ್ 2019ರಲ್ಲೇ ಹೇಳಿದೆ. ಆದರೆ ರಾತ್ರಿ ಹನ್ನೊಂದಕ್ಕೆ ಲಾಡ್ಜಿನ ಮೇಜಿನ ಮುಂದೆ ನಿಂತು ಹೈಕೋರ್ಟಿನ ಮಾತು ಎತ್ತುವ ಶಕ್ತಿ ಯಾರಿಗಿರುತ್ತದೆ? ಇಬ್ಬರ ಮೂಲ ಗುರುತಿನ ಚೀಟಿಯನ್ನೂ ಒಯ್ಯಿರಿ, ಕೋಣೆ ಕಾದಿರಿಸುವಾಗಲೇ ಅವರ ನಿಯಮ ಕೇಳಿಕೊಳ್ಳಿ. ಕೋಣೆಗೆ ಕಿಟಕಿ ಇತ್ತು. ಪಕ್ಕದ ಕಟ್ಟಡದ ನೀರಿನ ಟ್ಯಾಂಕು ಬಹಳ ಸ್ಪಷ್ಟವಾಗಿ ಕಾಣುತ್ತಿತ್ತು.

ಭಾನುವಾರ ಬೆಳಗ್ಗೆ ಐದೂವರೆಗೆ ಎದ್ದು ಬೀಚ್ ರಸ್ತೆಗೆ ಹೋದೆವು. ಇದೊಂದು ಮಾತ್ರ ಯಾರೂ ಮೋಸ ಮಾಡಲಾಗದ್ದು. ಬೆಳಗಿನವರೆಗೂ ಅಲ್ಲಿ ವಾಹನ ಇಲ್ಲ. ಗಾಂಧಿ ಪ್ರತಿಮೆಯ ಹಿಂದೆ ಸೂರ್ಯ ನೀರಿನಿಂದ ಮೇಲೆ ಬಂದ, ಬರಬೇಕಾದ ದಿಕ್ಕಿನಿಂದಲೇ. ನಮ್ಮವರು ಬಂಡೆಯ ಮೇಲೆ ಕೂತು, ಲೋಟದ ಕಾಫಿ ನನ್ನ ಕೈಗೆ ಕೊಟ್ಟು, "ಇದಕ್ಕೆ ಎಷ್ಟು ಮುಂಗಡ ಕೊಟ್ಟಿದ್ದೆ?" ಎಂದರು. ಆಗ ನಗು ಬಂತು.

ನಗುತ್ತಿರುವಾಗಲೇ ಫೋನ್ ಬಂತು. ಹೊಸ ನಂಬರು, ಬಹಳ ವಿನಯದ ದನಿ. ಮ್ಯಾನೇಜರ್ ಅಂತೆ, ತಪ್ಪಾಗಿದೆಯಂತೆ, ಹತ್ತು ಸಾವಿರವನ್ನೂ ಈಗಲೇ ಹಿಂದಿರುಗಿಸುತ್ತಾರಂತೆ. ಒಂದು ಕ್ಯೂಆರ್ ಚಿತ್ರ ಕಳಿಸಿದ್ದೇವೆ, ಸ್ಕ್ಯಾನ್ ಮಾಡಿ ಪಿನ್ ಹಾಕಿದರೆ ಹಣ ಜಮಾ. ನನ್ನ ಬೆರಳು ಮೂರನೆಯ ಅಂಕಿಯ ಮೇಲಿತ್ತು. ನಮ್ಮವರು ಕೈ ಹಿಡಿದು, "ಹಣ ಬರುವುದಕ್ಕೆ ಪಿನ್ ಯಾಕೆ?" ಎಂದರು. ನಿಜ. ಯುಪಿಐಯಲ್ಲಿ ಪಿನ್ ಹಾಕುವುದು ಹಣ ಕೊಡುವಾಗ, ಪಡೆಯುವಾಗ ಅಲ್ಲ. ಒಮ್ಮೆ ಮೋಸ ಹೋದವರು ಕಳೆದದ್ದನ್ನು ಪಡೆಯುವ ಆತುರದಲ್ಲಿರುತ್ತಾರೆಂದು ಅವರಿಗೆ ಚೆನ್ನಾಗಿ ಗೊತ್ತು. ಎರಡನೆಯ ಬಲೆ ಮೊದಲನೆಯದಕ್ಕಿಂತ ದೊಡ್ಡದು.

ಇಲ್ಲಿ ನನ್ನ ದೊಡ್ಡ ತಪ್ಪು. ರಾತ್ರಿಯೇ 1930ಕ್ಕೆ ಕರೆ ಮಾಡಬೇಕಿತ್ತು, ಅದು ಸೈಬರ್ ವಂಚನೆಯ ಸಹಾಯವಾಣಿ. ಬೇಗ ತಿಳಿಸಿದಷ್ಟೂ ಹಣ ಇನ್ನೊಂದು ಖಾತೆಗೆ ಹಾರುವ ಮುಂಚೆ ಬ್ಯಾಂಕಿನವರು ತಡೆಯುವ ಸಾಧ್ಯತೆ ಹೆಚ್ಚು. ನಾನು "ಯಾರಿಗೂ ಹೇಳಬೇಡಿ" ಎಂದು ನಮ್ಮವರ ಬಾಯಿ ಮುಚ್ಚಿಸಿ, ಸೋಮವಾರ ಮಧ್ಯಾಹ್ನ ಕಚೇರಿಯಿಂದ ದೂರು ಕೊಟ್ಟೆ. ದೂರಿನ ಸಂಖ್ಯೆ ಬಂದಿದೆ, ಹಣ ಬಂದಿಲ್ಲ. ಸಂದೇಶಗಳು, ಹಣ ಕಳಿಸಿದ ರಸೀದಿಗಳ ಚಿತ್ರ ತೆಗೆದಿಟ್ಟಿದ್ದರಿಂದ ದೂರಾದರೂ ದಾಖಲಾಯಿತು. ಸಿಟ್ಟಿನಲ್ಲಿ ಅವನ್ನು ಅಳಿಸಬೇಡಿ.

ಉಳಿದ ಭಾನುವಾರದ ಕಥೆ ಚಿಕ್ಕದು. ಪಾಂಡಿಚೇರಿಯ ಪಕ್ಕದ ಆರೋವಿಲ್‌ಗೆ ಹೋದೆವು. ಅಲ್ಲಿನ ಧ್ಯಾನಮಂದಿರವಾದ ಮಾತೃಮಂದಿರದ ಚಿನ್ನದ ಗೋಳವನ್ನು ದೂರದಿಂದ ನೋಡಬಹುದು, ಒಳಗೆ ಧ್ಯಾನಕ್ಕೆ ಕೂರಲು ಮೊದಲೇ ಹೆಸರು ನೋಂದಾಯಿಸಿರಬೇಕು. ನಾನು ನೋಂದಾಯಿಸಿರಲಿಲ್ಲ, ಆ ದಿನಗಳಲ್ಲಿ ಗುಲಾಬಿ ಹೂವಿನ ಬಣ್ಣ ಆರಿಸುತ್ತಿದ್ದೆ. ತಿರುಗಾಡಲು ಸ್ಕೂಟರ್ ಬಾಡಿಗೆಗೆ ತೆಗೆದುಕೊಂಡಿದ್ದೆವು. ಹಿಂದಿರುಗಿಸುವಾಗ ಅಂಗಡಿಯವನು ಹಳೆಯ ಗೀರನ್ನು ಹೊಸದೆಂದು ತೋರಿಸಿ 1,500 ಕೇಳಿದ. ನಮ್ಮವರ ಮೂಲ ಲೈಸೆನ್ಸ್ ಅವನ ಡ್ರಾಯರಿನಲ್ಲಿತ್ತು. 700ಕ್ಕೆ ಬಿಡಿಸಿಕೊಂಡೆವು. ಗಾಡಿ ತೆಗೆದುಕೊಳ್ಳುವಾಗಲೇ ಸುತ್ತಲೂ ವಿಡಿಯೋ ಮಾಡಿ, ಮೂಲ ದಾಖಲೆ ಒತ್ತೆ ಇಡಬೇಡಿ. ಕಪ್ಪು ಫಲಕದ ಮೇಲೆ ಹಳದಿ ಅಕ್ಷರವಿದ್ದರೆ ಅದು ಬಾಡಿಗೆಗೆ ಪರವಾನಗಿ ಇರುವ ಗಾಡಿ. ಬಿಳಿ ಫಲಕದ ಖಾಸಗಿ ಗಾಡಿಯಲ್ಲಿ ಅಪಘಾತವಾದರೆ ವಿಮೆ ಕೈಕೊಡಬಹುದು. ನಮ್ಮದು ಬಿಳಿಯದು.

ಇದನ್ನೆಲ್ಲ ಕೇಳಿದ ತಮ್ಮ, "ಬೇಡ ಅಕ್ಕಾ, ನಾವು ಮೈಸೂರಿಗೇ ಹೋಗುತ್ತೇವೆ. ಶನಿವಾರ ಹೋಗಿ ಭಾನುವಾರ ಮಧ್ಯಾಹ್ನದ ಊಟ ಮುಗಿಸಿ ಹೊರಟುಬಿಡುತ್ತೇವೆ, ಅವಳಿಗೆ ಅರಮನೆಯ ದೀಪ ನೋಡಬೇಕಂತೆ" ಎಂದ. ಅರಮನೆಯ ಪೂರ್ತಿ ದೀಪಾಲಂಕಾರ ಇರುವುದು ಭಾನುವಾರ ಮತ್ತು ಸರ್ಕಾರಿ ರಜೆಯ ದಿನ, ಅದೂ ಸಂಜೆ ಏಳರ ಹೊತ್ತಿಗೆ. ಸೋಮವಾರ ರಜೆ ಹಾಕು ಎಂದೆ.