ಟ್ರ್ಯಾಕಿಗೂ ರಸ್ತೆಗೂ ಒಂದೇ ಕಾರು: ಮೂರನ್ನು ಓಡಿಸಿ ಮಾಡಿದ ಹೋಲಿಕೆ

ಬೆಳಿಗ್ಗೆ ಮನೆಯಿಂದ ಹೊರಟು, ಹಗಲೆಲ್ಲ ರೇಸ್ ಟ್ರ್ಯಾಕಿನಲ್ಲಿ ಮೈಮುರಿಯುವಂತೆ ಓಡಿ, ಸಂಜೆ ತನ್ನದೇ ಚಕ್ರಗಳ ಮೇಲೆ ಮನೆಗೆ ಹಿಂದಿರುಗಿ, ಮರುದಿನ ಎಂದಿನಂತೆ ಕೆಲಸಕ್ಕೆ ಹೊರಡುವ ಕಾರೊಂದು ನನಗೆ ಬೇಕಾಗಿತ್ತು. ಟ್ರೇಲರ್, ಅದನ್ನೆಳೆಯುವ ಇನ್ನೊಂದು ವಾಹನ, ಅವೆರಡನ್ನೂ ನಿಲ್ಲಿಸುವಷ್ಟು ಜಾಗ ಉಳ್ಳವರಿಗೆ ಈ ಪ್ರಶ್ನೆ ಏಳುವುದಿಲ್ಲ. ನನ್ನಂತೆ ಒಂದೇ ಕಾರಿನಲ್ಲಿ ಎರಡೂ ಕೆಲಸ ಆಗಬೇಕೆನ್ನುವವರು ಯಾವುದನ್ನು ಬಿಟ್ಟುಕೊಡುತ್ತೇವೆ, ಯಾವುದನ್ನು ಬಿಟ್ಟುಕೊಡುವುದಿಲ್ಲ ಎಂಬುದನ್ನು ಮೊದಲೇ ತೀರ್ಮಾನಿಸಿಕೊಳ್ಳಬೇಕಾಗುತ್ತದೆ. ಮಾಜ್ಡಾ ಎಂಎಕ್ಸ್-5, ಹೋಂಡಾ ಸಿವಿಕ್ ಟೈಪ್ ಆರ್, ಟೊಯೋಟಾ ಜಿಆರ್86 ಈ ಮೂರನ್ನು ಟ್ರ್ಯಾಕಿನ ಗೆಳೆಯರಿಂದ ಪಡೆದು, ಒಂದೊಂದನ್ನೂ ಎರಡು ಟ್ರ್ಯಾಕ್ ದಿನ ಮತ್ತು ಎರಡು ವಾರಗಳ ದೈನಂದಿನ ಓಡಾಟದಲ್ಲಿ ಬಳಸಿ ನೋಡಿದ ಮೇಲೆ ಈ ಹೋಲಿಕೆಯನ್ನು ಬರೆಯುತ್ತಿದ್ದೇನೆ.

ಅದಕ್ಕೂ ಮುನ್ನ ನನ್ನ ಅಳತೆಗೋಲು ಹೇಗೆ ರೂಪುಗೊಂಡಿತೆಂಬುದನ್ನು ಹೇಳಲೇಬೇಕು. ನನ್ನ ಹಳೆಯ ಹ್ಯಾಚ್‌ಬ್ಯಾಕಿನಲ್ಲಿ ಒಮ್ಮೆ ಟ್ರ್ಯಾಕ್ ದಿನದ ಮೂರನೆಯ ಸರದಿಯಲ್ಲಿ ಉದ್ದನೆಯ ನೇರ ದಾರಿಯ ಕೊನೆಗೆ ಬ್ರೇಕ್ ಒತ್ತಿದಾಗ ಪೆಡಲ್ ಯಾವ ತಡೆಯೂ ಇಲ್ಲದೆ ನೆಲ ಮುಟ್ಟಿತು. ಗಾಬರಿಯಲ್ಲಿ ಎರಡು ಮೂರು ಸಲ ತುಳಿದ ಮೇಲೆ ಒಂದಿಷ್ಟು ಒತ್ತಡ ಮರಳಿ ಬಂದು, ಕಾರು ತಿರುವಿನಾಚೆಯ ಹುಲ್ಲಿನ ಮೇಲೆ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಕಾರಣ ಸರಳವಾಗಿತ್ತು: ಮೂರು ವರ್ಷಗಳಿಂದ ನಾನು ಬ್ರೇಕ್ ದ್ರವವನ್ನು ಬದಲಿಸಿರಲಿಲ್ಲ. ಆ ದ್ರವ ಗಾಳಿಯ ತೇವವನ್ನು ಹೀರಿಕೊಳ್ಳುತ್ತಾ ಹೋಗುತ್ತದೆ. ಡಾಟ್ 4 ದರ್ಜೆಯ ಹೊಸ ದ್ರವದ ಕುದಿಬಿಂದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕೆಂಬ ನಿಯಮವಿದ್ದರೆ, ತೇವ ಸೇರಿದ ದ್ರವಕ್ಕೆ ಅದೇ ಮಾನದಂಡ 155 ಡಿಗ್ರಿಯನ್ನಷ್ಟೇ ಕೇಳುತ್ತದೆ. ದ್ರವ ಕುದಿದಾಗ ಏಳುವ ಆವಿಯ ಗುಳ್ಳೆಗಳು ಕಾಲಿನ ಒತ್ತಡವನ್ನೆಲ್ಲ ತಾವೇ ನುಂಗಿಬಿಡುತ್ತವೆ. ರಸ್ತೆಯಲ್ಲಿ ಮೂರು ವರ್ಷ ಒಂದು ಸುಳಿವನ್ನೂ ಕೊಡದ ತಪ್ಪು ಟ್ರ್ಯಾಕಿನಲ್ಲಿ ಒಂದೇ ಗಂಟೆಯಲ್ಲಿ ಬಯಲಾಯಿತು. ಅಂದಿನಿಂದ ಯಾವ ಕಾರನ್ನು ನೋಡಿದರೂ, ಅದರ ಅಶ್ವಶಕ್ತಿ ಎಷ್ಟು ಎನ್ನುವುದಕ್ಕಿಂತ ಮೊದಲು, ಅದು ಎಷ್ಟು ಬಿಸಿಯನ್ನು ಹುಟ್ಟಿಸುತ್ತದೆ, ಆ ಬಿಸಿಯನ್ನು ಎಲ್ಲಿ ಕಳೆಯುತ್ತದೆ ಎಂದು ಕೇಳುವ ಅಭ್ಯಾಸ ನನ್ನದಾಗಿದೆ.

ಮೂರೂ ಕಾರುಗಳನ್ನು ಒಂದೇ ಟ್ರ್ಯಾಕಿನಲ್ಲಿ, ಒಣ ಹವೆಯಲ್ಲಿ, ಹದಿನೈದರಿಂದ ಇಪ್ಪತ್ತು ನಿಮಿಷಗಳ ಸರದಿಗಳಲ್ಲಿ ಓಡಿಸಿದೆ. ಮೂರರಲ್ಲೂ ಹೊಸ ಬ್ರೇಕ್ ದ್ರವ ಮತ್ತು ಟ್ರ್ಯಾಕಿಗೆ ತಕ್ಕ ಬ್ರೇಕ್ ಪ್ಯಾಡುಗಳಿದ್ದವು. ಉಳಿದದ್ದೆಲ್ಲ ಕಾರ್ಖಾನೆಯಿಂದ ಬಂದಂತೆಯೇ ಇತ್ತು. ನಾನು ಮಧ್ಯಮ ದರ್ಜೆಯ ಚಾಲಕ, ಆದ್ದರಿಂದ ಇಲ್ಲಿನ ಅಭಿಪ್ರಾಯಗಳು ನನ್ನಂಥವರಿಗೇ ಹೆಚ್ಚು ಅನ್ವಯಿಸುತ್ತವೆ.

ಎಂಎಕ್ಸ್-5ರ ಮೊದಲ ಪೀಳಿಗೆ 1989ರಲ್ಲಿ ಶಿಕಾಗೋ ಪ್ರದರ್ಶನದಲ್ಲಿ ಕಾಣಿಸಿಕೊಂಡಿತು; ನಾನು ಓಡಿಸಿದ್ದು ನಾಲ್ಕನೆಯ ಪೀಳಿಗೆಯ, 2 ಲೀಟರ್ ಎಂಜಿನ್ನಿನ, 184 ಪಿಎಸ್ (ಮೆಟ್ರಿಕ್ ಅಶ್ವಶಕ್ತಿ) ಶಕ್ತಿಯ ಕಾರು. ಅದರ ತೂಕ ಹತ್ತಿರಹತ್ತಿರ 1,100 ಕಿಲೋ. ಮೊದಲ ಲ್ಯಾಪಿನಲ್ಲಿ ಅದರ ಮೈ ಒಂದು ಪಕ್ಕಕ್ಕೆ ವಾಲುವುದನ್ನು ಕಂಡು ನಾನು ಬೆಚ್ಚಿದ್ದು ನಿಜ. ಆದರೆ ಎರಡನೆಯ ಸರದಿಯ ಹೊತ್ತಿಗೆ ಆ ವಾಲಾಟವೇ ನನಗೆ ಮಾತಿನಂತೆ ಕೇಳತೊಡಗಿತು: ತೂಕ ಯಾವ ಚಕ್ರದ ಮೇಲೆ ಕೂತಿದೆ, ಹಿಂಬದಿ ಎಷ್ಟು ಹಗುರಾಗಿದೆ, ಇನ್ನೂ ಎಷ್ಟು ಹಿಡಿತ ಉಳಿದಿದೆ ಎಂಬುದೆಲ್ಲ ಸೊಂಟದ ಬಳಿಯೇ ತಿಳಿಯುತ್ತದೆ. ತಿರುವಿನ ಒಳಗೆ ಹೋಗುತ್ತಾ ಬ್ರೇಕನ್ನು ಸ್ವಲ್ಪಸ್ವಲ್ಪವೇ ಬಿಡುವ ವಿದ್ಯೆ ನನಗೆ ಕೈಹತ್ತಿದ್ದು ಈ ಕಾರಿನಲ್ಲಿ. ಬೇಗ ಬಿಟ್ಟರೆ ಮೂತಿ ಹೊರಕ್ಕೆ ಸರಿಯುತ್ತದೆ, ತಡವಾಗಿ ಬಿಟ್ಟರೆ ಬಾಲ ಮೆಲ್ಲಗೆ ಸುತ್ತುತ್ತದೆ, ಎರಡನ್ನೂ ತಿದ್ದಿಕೊಳ್ಳಲು ಸಮಯ ಸಿಗುತ್ತದೆ. ದಿನವಿಡೀ ಓಡಿಸಿದರೂ ಬ್ರೇಕಿನಿಂದ ಸುಟ್ಟ ವಾಸನೆ ಬರಲಿಲ್ಲ, ಟೈರುಗಳು ನಾಲ್ಕೂ ಒಂದೇ ಸಮನಾಗಿ ಸವೆದಿದ್ದವು.

ರಸ್ತೆಯ ಮೇಲೆ ಇದರಷ್ಟು ಸಂತೋಷ ಕೊಡುವ ಕಾರು ಇನ್ನೊಂದಿಲ್ಲ ಎನ್ನಲು ನನಗೆ ಹಿಂಜರಿಕೆಯಿಲ್ಲ. ಗೇರ್ ಸನ್ನೆಯನ್ನು ಮಣಿಕಟ್ಟಿನ ಒಂದು ತಿರುಗಿನಲ್ಲಿ ಬದಲಿಸಬಹುದು, ಕೂತಲ್ಲಿಂದಲೇ ಒಂದು ಕೈಯಲ್ಲಿ ಮೇಲ್ಛಾವಣಿಯನ್ನು ಹಿಂದಕ್ಕೆ ಮಡಚಬಹುದು. ತೊಡಕಿರುವುದು ಬೇರೆ ಕಡೆ. ಡಿಕ್ಕಿಯ ಅಳತೆ 130 ಲೀಟರ್. ಹೆಲ್ಮೆಟ್ಟಿನ ಚೀಲ, ಜಾಕು, ಟಾರ್ಕ್ ರೆಂಚು, ಗಾಳಿಯ ಪಂಪು ಇಟ್ಟ ಮೇಲೆ ಅಲ್ಲಿ ಒಂದು ಟವೆಲ್ಲಿಗೂ ಜಾಗ ಉಳಿಯಲಿಲ್ಲ. ಟ್ರ್ಯಾಕಿಗೆಂದೇ ಇರುವ ಇನ್ನೊಂದು ಜೊತೆ ಚಕ್ರಗಳನ್ನು ಒಯ್ಯುವ ಮಾತಂತೂ ದೂರವೇ ಉಳಿಯಿತು. ತೆರೆದ ಕಾರುಗಳಿಗೆ ಅನೇಕ ಆಯೋಜಕರು ರೋಲ್ ಬಾರ್ (ಕಾರು ಮಗುಚಿದರೆ ತಲೆ ಕಾಯುವ ಗಟ್ಟಿ ಕಮಾನು) ಕಡ್ಡಾಯ ಮಾಡುತ್ತಾರೆ. ಅದನ್ನು ಪರೀಕ್ಷಿಸಲು ಮುಂಗಾಜಿನ ಮೇಲಂಚಿನಿಂದ ರೋಲ್ ಬಾರಿನ ತುದಿಗೆ ನೇರವಾದ ಕೋಲೊಂದನ್ನು ಅಡ್ಡ ಇಟ್ಟು, ಚಾಲಕನ ಹೆಲ್ಮೆಟ್ ಅದರ ಕೆಳಗೆ ಉಳಿಯುತ್ತದೆಯೇ ಎಂದು ನೋಡುತ್ತಾರೆ. ನಾನು ಕೂತಾಗ ಕೋಲು ಹೆಲ್ಮೆಟ್ಟಿನ ಮೇಲೆ ಕೂತು ಒಂದು ಬೆರಳಿನಷ್ಟು ಮೇಲೆದ್ದಿತು. ಆಸನದ ಮೆತ್ತೆಯನ್ನು ತೆಗೆಸಿದ ಮೇಲೆಯೇ ನನಗೆ ಅನುಮತಿ ಸಿಕ್ಕಿದ್ದು. ಎತ್ತರದವರು ಕೊಳ್ಳುವ ಮುನ್ನ ಹೆಲ್ಮೆಟ್ ಹಾಕಿಕೊಂಡೇ ಕೂತು ನೋಡಬೇಕು.

ಟೈಪ್ ಆರ್ ಪೂರ್ತಿ ಇನ್ನೊಂದು ದಿಕ್ಕಿನ ಕಾರು. ಎಫ್‌ಎಲ್5 ಎಂದು ಕರೆಯುವ ಈಗಿನ ಪೀಳಿಗೆಯ 2 ಲೀಟರ್ ಟರ್ಬೊ ಎಂಜಿನ್ ಯೂರೋಪಿನ ಮಾದರಿಯಲ್ಲಿ 329 ಪಿಎಸ್ ಶಕ್ತಿ ಮತ್ತು 420 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ) ಕೊಡುತ್ತದೆ. ತೂಕ ಸುಮಾರು 1,430 ಕಿಲೋ. 2023ರಲ್ಲಿ ಇದು ಜರ್ಮನಿಯ ಹೆಸರಾಂತ ರೇಸ್ ಟ್ರ್ಯಾಕಾದ ನ್ಯೂರ್ಬರ್ಗ್‌ರಿಂಗ್ ನಾರ್ಡ್‌ಶ್ಲೈಫೆಯನ್ನು 7 ನಿಮಿಷ 44.881 ಸೆಕೆಂಡಿನಲ್ಲಿ ಸುತ್ತಿ, ಮುಂಬದಿ ಚಕ್ರ ಚಾಲನೆಯ ಕಾರುಗಳಲ್ಲಿ ಆಗಿನ ದಾಖಲೆಯನ್ನು ಬರೆಯಿತು. ಅಷ್ಟೊಂದು ಬಲ ಮುಂದಿನ ಚಕ್ರಗಳಿಗೆ ಹೋದರೆ ಸ್ಟಿಯರಿಂಗ್ ಕೈಯಿಂದ ಕಿತ್ತುಕೊಂಡು ಹೋಗಬೇಕಿತ್ತು. ಸ್ಟಿಯರಿಂಗಿಗೆ ತಕ್ಕಂತೆ ಚಕ್ರ ಎಡಬಲಕ್ಕೆ ತಿರುಗುವ ಅಕ್ಷವನ್ನು ಸ್ಟ್ರಟ್ಟಿನಿಂದ (ಚಕ್ರದ ಕುಲುಕಾಟವನ್ನು ಹೊರುವ ಕಂಬದಿಂದ) ಬೇರ್ಪಡಿಸಿದ ಮುಂಬದಿ ಸಸ್ಪೆನ್ಷನ್ ಅದನ್ನು ಬಹುಮಟ್ಟಿಗೆ ತಡೆಯುತ್ತದೆ. ತಿರುವಿನ ನಡುವೆಯೇ ಧೈರ್ಯಮಾಡಿ ಆಕ್ಸಿಲರೇಟರ್ ಒತ್ತಿದಾಗ, ಹೊರಕ್ಕೆ ಜಾರುತ್ತದೆಂದು ನಾನು ನಿರೀಕ್ಷಿಸಿದ ಮೂತಿಯನ್ನು ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ (ಒಂದು ಚಕ್ರವಷ್ಟೇ ವ್ಯರ್ಥವಾಗಿ ಸುತ್ತದಂತೆ ಎರಡಕ್ಕೂ ಬಲ ಹಂಚುವ ಸಾಧನ) ಒಳಕ್ಕೆ ಎಳೆಯಿತು. ಆ ಅನುಭವಕ್ಕೆ ಒಗ್ಗಿಕೊಳ್ಳಲು ನನಗೆ ಅರ್ಧ ದಿನ ಬೇಕಾಯಿತು. ಗಡಿಯಾರ ಇದರ ಪರವಾಗಿಯೇ ಇತ್ತು: ನನ್ನ ಕೈಯಲ್ಲಿ ಮೂರರ ಪೈಕಿ ಅತಿ ವೇಗದ ಲ್ಯಾಪ್ ಇದರದೇ, ಎರಡನೆಯದಕ್ಕಿಂತ ಸುಮಾರು ಮೂರು ಸೆಕೆಂಡು ಮುಂದೆ.

ಆ ವೇಗಕ್ಕೆ ತೆರಬೇಕಾದ ಬೆಲೆ ಬಿಸಿಯ ರೂಪದಲ್ಲಿ ಬರುತ್ತದೆ. ಚಾಲಕನೂ ಸೇರಿ 1,500 ಕಿಲೋ ತೂಗುವ ಕಾರನ್ನು ಗಂಟೆಗೆ 200 ಕಿಲೋಮೀಟರಿನಿಂದ 80ಕ್ಕೆ ಇಳಿಸಿದರೆ ಬ್ರೇಕುಗಳು ಸುಮಾರು 19 ಲಕ್ಷ ಜೂಲ್ ಶಕ್ತಿಯನ್ನು ಬಿಸಿಯಾಗಿ ಹೀರಬೇಕಾಗುತ್ತದೆ. ಅದೇ ನೇರದ ಕೊನೆಗೆ 1,150 ಕಿಲೋ ತೂಗುವ ಕಾರು 175ರ ವೇಗದಲ್ಲಿ ಬಂದು 80ಕ್ಕೆ ಇಳಿದರೆ ಈ ಲೆಕ್ಕ ಸುಮಾರು 11 ಲಕ್ಷ ಜೂಲಿಗೆ ನಿಲ್ಲುತ್ತದೆ. ಪ್ರತಿ ಲ್ಯಾಪಿನಲ್ಲೂ, ಪ್ರತಿ ದೊಡ್ಡ ತಿರುವಿನಲ್ಲೂ ಈ ವ್ಯತ್ಯಾಸ ಕೂಡುತ್ತಾ ಹೋಗುತ್ತದೆ. ಟೈಪ್ ಆರ್‌ನ 350 ಮಿಲಿಮೀಟರ್ ಡಿಸ್ಕುಗಳು ಈ ಭಾರವನ್ನು ಹೊತ್ತವು. ಪೆಡಲ್ ಎಂದೂ ಮೆತ್ತಗಾಗಲಿಲ್ಲ. ಆದರೂ ಐದಾರು ಲ್ಯಾಪುಗಳಿಗೊಮ್ಮೆ ಒಂದು ನಿಧಾನದ ಲ್ಯಾಪ್ ಹಾಕಿ ಕಾರಿಗೆ ಉಸಿರಾಡಲು ಬಿಡುವುದು ವಿವೇಕವೆಂದು ನನಗೆ ತೋಚಿತು. ಟೈರುಗಳ ಕಥೆ ಇನ್ನೂ ಸ್ಪಷ್ಟವಾಗಿತ್ತು. ತಿರುಗಿಸುವುದು, ಎಳೆಯುವುದು, ನಿಲ್ಲಿಸುವುದರ ಬಹುಪಾಲು, ಈ ಮೂರನ್ನೂ ಮುಂದಿನ ಜೋಡಿಯೇ ಮಾಡುವುದರಿಂದ, ಸಂಜೆಯ ವೇಳೆಗೆ ಮುಂಬದಿ ಟೈರುಗಳ ಹೊರಭುಜ ಅರದಿಂದ ಉಜ್ಜಿದಂತೆ ಒರಟಾಗಿತ್ತು, ಹಿಂದಿನವುಗಳ ಮೇಲೆ ಬೆಳಗಿನ ಹೊಳಪು ಹಾಗೆಯೇ ಇತ್ತು. 265/30 ಅಳತೆಯ 19 ಅಂಗುಲದ ಟೈರುಗಳು ಅಗ್ಗದ ವಸ್ತುವಲ್ಲ.

ರಸ್ತೆಯ ವಿಷಯದಲ್ಲಿ ಮಾತ್ರ ಇದಕ್ಕೆ ಎದುರಿಲ್ಲ. ನಾಲ್ವರು ಆರಾಮವಾಗಿ ಕೂರುತ್ತಾರೆ, ಹಿಂದೆ ನಿಜವಾದ ಬಾಗಿಲುಗಳಿವೆ, ಡಿಕ್ಕಿಯಲ್ಲಿ 410 ಲೀಟರ್ ಜಾಗವಿದೆ, ಕಂಫರ್ಟ್ ವಿಧಾನದಲ್ಲಿ ಡ್ಯಾಂಪರುಗಳು (ಕುಲುಕಾಟ ತಗ್ಗಿಸುವ ಭಾಗಗಳು) ಮೆತ್ತಗಾಗಿ ಸಾಮಾನ್ಯ ಕುಟುಂಬದ ಕಾರಿನಂತೆಯೇ ಸಾಗುತ್ತದೆ. ಮನೆಯಲ್ಲಿ ಇದೊಂದೇ ಕಾರು, ಹಿಂದೆ ಮಕ್ಕಳು ಕೂರಬೇಕು ಎನ್ನುವವರು ಮುಂದಿನದನ್ನು ಓದದೆ ಟೈಪ್ ಆರ್ ಆರಿಸಿಕೊಂಡರೂ ತಪ್ಪಾಗದು.

ಇನ್ನು ಜಿಆರ್86. ಟೊಯೋಟಾ ಮತ್ತು ಸುಬಾರು ಕೂಡಿ ರೂಪಿಸಿ 2012ರಲ್ಲಿ ಹೊರತಂದ ಜಿಟಿ86ರ ಮುಂದಿನ ಪೀಳಿಗೆ ಇದು, 2021ರಲ್ಲಿ ಬಂದದ್ದು. ಹಳೆಯದರ 2 ಲೀಟರ್ ಎಂಜಿನ್ನಿನಲ್ಲಿ ನಡುವಿನ ವೇಗದಲ್ಲಿ ಬಲ ಸಾಲದೆಂಬ ದೂರು ಬಹಳವಿತ್ತು, ಹೊಸ 2.4 ಲೀಟರ್ ಎಂಜಿನ್ ನಿಮಿಷಕ್ಕೆ 3,700 ಸುತ್ತಿಗೇ 250 ನ್ಯೂಟನ್ ಮೀಟರ್ ಟಾರ್ಕ್ ಕೊಡುವುದರಿಂದ ಆ ದೂರು ತೀರಿದೆ. ಸಿಲಿಂಡರುಗಳು ಅಡ್ಡಡ್ಡ ಮಲಗಿರುವ ಬಾಕ್ಸರ್ ಎಂಜಿನ್ ಕೆಳಗೆ ಕೂರುತ್ತದೆ, ಕಾರಿನ ಭಾರಕೇಂದ್ರವೂ ಅದರೊಂದಿಗೆ ಕೆಳಗಿಳಿಯುತ್ತದೆ. ಶಕ್ತಿ 234 ಪಿಎಸ್, ತೂಕ 1,275 ಕಿಲೋ ಆಸುಪಾಸು, ಹಿಂಬದಿ ಚಕ್ರ ಚಾಲನೆ. ಅಂಕಿಗಳಲ್ಲಿ ಇದು ಉಳಿದೆರಡರ ನಡುವೆ ನಿಲ್ಲುತ್ತದೆ. ಓಡಿಸಿದಾಗ ಎಂಎಕ್ಸ್-5ರ ಬಂಧುವೆಂದೇ ಅನ್ನಿಸಿತು, ಆದರೆ ಕಡಿಮೆ ವಾಲುವ, ಹೆಚ್ಚು ನೇರವಾಗಿ ಉತ್ತರಿಸುವ ಬಂಧು.

ನನ್ನ ಟ್ರ್ಯಾಕಿನಲ್ಲಿ ಉದ್ದವಾಗಿ ಎಡಕ್ಕೆ ಬಾಗುತ್ತಾ ಹೋಗುವ ತಿರುವೊಂದಿದೆ, ಅದರ ಕೊನೆಯರ್ಧ ಇನ್ನಷ್ಟು ಬಿಗಿಯಾಗುತ್ತದೆ. ಟೈಪ್ ಆರ್‌ನಲ್ಲಿ ಅಲ್ಲಿ ಕಾದು ಕೂರಬೇಕು. ಎಂಎಕ್ಸ್-5 ವಾಲಿ, ನೆಲೆಗೊಂಡು, ಆಮೇಲೆ ಹೊರಡುತ್ತದೆ. ಜಿಆರ್86ನಲ್ಲಿ ಆಕ್ಸಿಲರೇಟರನ್ನು ಕೂದಲೆಳೆಯಷ್ಟು ಸಡಿಲಿಸಿದರೆ ಮೂತಿ ಒಳಕ್ಕೆ ಬರುತ್ತದೆ, ಮತ್ತೆ ಒತ್ತಿದರೆ ಹಿಂಬದಿ ಕೆಳಗೆ ಕೂತು ಕಾರನ್ನು ಹೊರದೂಡುತ್ತದೆ. ಕೈಯನ್ನು ಅಲುಗಿಸದೆ ಕಾಲೊಂದರಿಂದಲೇ ಇಡೀ ತಿರುವನ್ನು ಬರೆಯಬಹುದು. ಒಮ್ಮೆ ಅದು ಸರಿಯಾಗಿ ಕೂಡಿಬಂದ ಮೇಲೆ ಆ ಸರದಿ ಮುಗಿಯುವವರೆಗೂ ನಾನು ಸಮಯ ನೋಡುವುದನ್ನೇ ಮರೆತೆ.

ಕೊರತೆಗಳಿವೆ. ಹಿಂದಿನ ಆಸನದಲ್ಲಿ ದೊಡ್ಡವರು ಕೂರಲಾರರು, ಹೆದ್ದಾರಿಯಲ್ಲಿ ಟೈರಿನ ಸದ್ದು ಒಳಗೆ ಬರುತ್ತದೆ, ಒಳಾಂಗಣ ಸಾಧಾರಣ. ಆದರೆ ಆ ಹಿಂದಿನ ಆಸನದ ಬೆನ್ನು ಒಂದೇ ಹಲಗೆಯಾಗಿ ಮುಂದಕ್ಕೆ ಮಡಚಿಕೊಳ್ಳುತ್ತದೆ, ನಾಲ್ಕು ಚಕ್ರಗಳು ಅಲ್ಲಿ ಹಿಡಿಸುತ್ತವೆ. ಜಿಟಿ86ರ ಕಾಲದಿಂದಲೂ ಟ್ರ್ಯಾಕಿಗೆ ಹೋಗುವವರನ್ನು ಮನಸ್ಸಿನಲ್ಲಿಟ್ಟೇ ಹೀಗೆ ವಿನ್ಯಾಸ ಮಾಡಿದ್ದಾರೆ. ಇದು ಸಣ್ಣ ಸಂಗತಿಯಂತೆ ಕಂಡರೂ ನನ್ನ ನಿರ್ಧಾರವನ್ನು ಬದಲಿಸಿದ್ದು ಇದೇ. ಟ್ರ್ಯಾಕಿನ ಅರೆ ಸ್ಲಿಕ್ (ಗೀರುಗಳು ಕಡಿಮೆಯಿರುವ, ಬಹುಪಾಲು ನುಣುಪಾದ) ಟೈರುಗಳು ಒಣ ಡಾಂಬರಿನ ಮೇಲೆ ಅದ್ಭುತ, ದಾರಿಯಲ್ಲಿ ಮಳೆ ಹಿಡಿದರೆ ಅಪಾಯ. ಅವುಗಳ ಮೇಲೆಯೇ ಮನೆಯಿಂದ ಹೊರಡುವುದೆಂದರೆ ದುಬಾರಿ ರಬ್ಬರನ್ನು ಹೆದ್ದಾರಿಯಲ್ಲಿ ಸವೆಸುವುದು. ಎರಡು ಜೊತೆ ಚಕ್ರಗಳಿದ್ದರೆ ಒಂದು ಕಾರು ನಿಜಕ್ಕೂ ಎರಡು ಕಾರಾಗುತ್ತದೆ. ಟೈಪ್ ಆರ್‌ನಲ್ಲೂ ಆಸನ ಮಡಚಿ ಚಕ್ರ ಒಯ್ಯಬಹುದು, ಆದರೆ ಅಷ್ಟು ಅಗಲದ 19 ಅಂಗುಲದ ಚಕ್ರವನ್ನು ಎತ್ತಿಳಿಸುವುದು ಬೆನ್ನಿಗೆ ಒಳ್ಳೆಯ ಕೆಲಸವಲ್ಲ, ಎರಡನೆಯ ಜೊತೆ ಕೊಳ್ಳುವುದೂ ಹಗುರವಲ್ಲ. ಜಿಆರ್86ನ 215/45 ಅಳತೆಯ 17 ಅಂಗುಲದ ಚಕ್ರವನ್ನು ನಾನೊಬ್ಬನೇ ಸಲೀಸಾಗಿ ಎತ್ತುತ್ತೇನೆ.

ಗೆಳೆಯರೊಬ್ಬರ ಒತ್ತಾಯಕ್ಕೆ ಒಂದು ಮಧ್ಯಾಹ್ನ ಲೋಟಸ್ ಎಲೀಸನ್ನೂ ಓಡಿಸಿದೆ. 1996ರಲ್ಲಿ ಬಂದ ಮೊದಲ ಎಲೀಸಿನ ತೂಕ ಕೇವಲ 725 ಕಿಲೋ. 2021ರಲ್ಲಿ ತಯಾರಿಕೆ ನಿಂತಿತು. ಟ್ರ್ಯಾಕಿನಲ್ಲಿ ಅದರ ಮುಂದೆ ಈ ಮೂರೂ ಭಾರವಾದ ಕಾರುಗಳೇ. ಅಗಲವಾದ ಹೊಸ್ತಿಲನ್ನು ದಾಟಿ ಪ್ರತಿದಿನ ಇಳಿದು ಹತ್ತುವ ಉತ್ಸಾಹ ನನಗಿಲ್ಲವಾದ್ದರಿಂದ ಅದನ್ನು ಪಟ್ಟಿಗೆ ಸೇರಿಸಲಿಲ್ಲ.

ಯಾವುದನ್ನು ಆರಿಸಿದರೂ ಕೆಲವು ಮಾತುಗಳು ಎಲ್ಲಕ್ಕೂ ಸಲ್ಲುತ್ತವೆ. ಮೊದಲ ಹಣವನ್ನು ಎಂಜಿನ್ನಿನ ಶಕ್ತಿ ಹೆಚ್ಚಿಸಲು ಹಾಕದೆ ಬ್ರೇಕ್ ದ್ರವ, ಪ್ಯಾಡು, ಟೈರುಗಳಿಗೆ ಹಾಕಬೇಕು. ಟ್ರ್ಯಾಕಿನ ಪ್ಯಾಡುಗಳು ತಣ್ಣಗಿರುವಾಗ ಕಿರುಗುಟ್ಟುತ್ತವೆ, ಕೆಲವು ಸರಿಯಾಗಿ ಹಿಡಿಯುವುದೂ ಇಲ್ಲ, ಆದ್ದರಿಂದ ದಿನನಿತ್ಯ ಓಡಿಸುವವರು ಎರಡಕ್ಕೂ ಹೊಂದುವ ಮಧ್ಯಮ ದರ್ಜೆಯ ಪ್ಯಾಡು ಆರಿಸುವುದು ಕ್ಷೇಮ. ಟೈರಿನ ಗಾಳಿ ಬಿಸಿಯೇರಿದಂತೆ ಹಿಗ್ಗುವುದರಿಂದ ಪ್ರತಿ ಸರದಿಯ ನಂತರ ಒತ್ತಡ ನೋಡಿ ಇಳಿಸಬೇಕು, ಮನೆಗೆ ಹೊರಡುವ ಮುನ್ನ ಮತ್ತೆ ತುಂಬಿಸಬೇಕು. ಇದನ್ನು ಮರೆತು ಹೆದ್ದಾರಿಗೆ ಇಳಿದವರನ್ನು ಕಂಡಿದ್ದೇನೆ. ಸರದಿ ಮುಗಿಸಿ ನಿಲ್ಲಿಸುವಾಗ ಹ್ಯಾಂಡ್ ಬ್ರೇಕ್ ಎಳೆಯದೆ ಗೇರಿನಲ್ಲಿ ಬಿಡಬೇಕು, ಕೆಂಡದಂತಿರುವ ಡಿಸ್ಕಿಗೆ ಪ್ಯಾಡು ಅಂಟಿಕೊಂಡು ನಿಲ್ಲಬಾರದು. ಸಾಮಾನ್ಯ ವಿಮೆ ಅನೇಕ ವೇಳೆ ಟ್ರ್ಯಾಕಿನಲ್ಲಾದ ಹಾನಿಗೆ ಅನ್ವಯಿಸುವುದಿಲ್ಲ. ಆ ಷರತ್ತನ್ನು ಓದಿಯೇ ಹೊರಡಬೇಕು.

ಮನೆಯಲ್ಲಿ ಇನ್ನೊಂದು ವಾಹನವಿರುವುದರಿಂದ ನಾನು ಜಿಆರ್86ನ್ನು ಆರಿಸಿಕೊಂಡೆ. ಮೂರು ಸೆಕೆಂಡಿನ ಕೊರತೆ ನನ್ನನ್ನು ಕಾಡಿಲ್ಲ, ಎಂಎಕ್ಸ್-5ರ ತೆರೆದ ಆಕಾಶ ಮಾತ್ರ ಆಗಾಗ ನೆನಪಾಗುತ್ತದೆ. ಕಳೆದ ಟ್ರ್ಯಾಕ್ ದಿನದ ಸಂಜೆ ಕಾರನ್ನು ಜಾಕಿನ ಮೇಲೆತ್ತಿ ರಸ್ತೆಯ ಚಕ್ರಗಳನ್ನು ಮರಳಿ ಕೂರಿಸುವಷ್ಟರಲ್ಲಿ ಹನಿ ಬೀಳತೊಡಗಿತು. ಬಿಸಿ ಆರದ ನಾಲ್ಕು ಟೈರುಗಳನ್ನು ಹಳೆಯ ಹೊದಿಕೆಯ ಮೇಲೆ ಒಳಗೆ ಒರಗಿಸಿಟ್ಟು ಬಾಗಿಲು ಮುಚ್ಚಿದೆ. ರಬ್ಬರಿನ ವಾಸನೆ ತುಂಬಿದ ಆ ಕಾರು ಮಳೆಯಲ್ಲಿ, ಹೆದ್ದಾರಿಯ ಎಡಸಾಲಿನಲ್ಲಿ, ಎಲ್ಲರಂತೆ ಸಮಾಧಾನವಾಗಿ ಮನೆಯತ್ತ ಸಾಗಿತು.