ವಿದೇಶಿ ಅಳಿಯನಿಗೊಂದು ನೆಲೆ: ಬೆಂಗಳೂರಿನ ಸ್ಥಳಾಂತರ ಸೇವೆಯೊಂದರ ವಿಮರ್ಶೆ

2023ರಲ್ಲಿ ಉದ್ಯೋಗ ವೀಸಾ ಪಡೆದು ಜರ್ಮನಿಯಿಂದ ಬೆಂಗಳೂರಿಗೆ ಬಂದ ನಮ್ಮ ಅಳಿಯಂದಿರಿಗಾಗಿ ಸ್ಥಳಾಂತರ ಸಂಸ್ಥೆಯೊಂದರ ಸೇವೆ ಪಡೆದಿದ್ದೆವು. ಕಾಗದಪತ್ರದ ಮಟ್ಟಿಗೆ ಅವರ ಕೆಲಸ ಅಚ್ಚುಕಟ್ಟಾಗಿತ್ತು. ಮನೆ ಹುಡುಕುವುದರಲ್ಲಿ ಮಾತ್ರ ನಿರಾಸೆಯಾಯಿತು.

180 ದಿನಗಳಿಗಿಂತ ಹೆಚ್ಚಿನ ಅವಧಿಯ ಇಂಥ ವೀಸಾದಲ್ಲಿ ಬಂದವರು 14 ದಿನಗಳೊಳಗೆ ಎಫ್‌ಆರ್‌ಆರ್‌ಒ (ವಿದೇಶಿಯರ ಪ್ರಾದೇಶಿಕ ನೋಂದಣಿ ಕಚೇರಿ) ನೋಂದಣಿ ಮಾಡಿಸಬೇಕೆಂದು ಮೊದಲ ದಿನವೇ ತಿಳಿಸಿದರು. ಅರ್ಜಿ ಆನ್‌ಲೈನ್‌ನಲ್ಲಿದ್ದರೂ ಅದರೊಂದಿಗೆ, ವಿದೇಶಿಯರು ಮನೆಗೆ ಬಂದ 24 ಗಂಟೆಯೊಳಗೆ ಮನೆ ಮಾಲೀಕರು ಅವರ ವಿವರ ತುಂಬಿ ಸಲ್ಲಿಸಬೇಕಿದ್ದ ಫಾರ್ಮ್ ಸಿ ಪ್ರತಿಯೂ ಆಗ ಬೇಕಿತ್ತು. ಆ ಹೆಸರು ಕೇಳಿ, ಇದೇನೋ ಪೊಲೀಸ್ ಕೇಸೆಂದು ಬೆಚ್ಚಿದ ನಮ್ಮ ಮಾಲೀಕರ ಊಟದ ಮೇಜಿನ ಮೇಲೆ ಸಂಸ್ಥೆಯ ಯುವತಿ ಲ್ಯಾಪ್‌ಟಾಪ್ ತೆರೆದಿಟ್ಟು, ಪಾಸ್‌ಪೋರ್ಟಿನ ಹೆಸರನ್ನು ಅಕ್ಷರ ಅಕ್ಷರವಾಗಿ ಓದಿ ಹೇಳುತ್ತ ಅವರ ಕೈಯಿಂದಲೇ ಅದನ್ನು ತುಂಬಿಸಿದ ತಾಳ್ಮೆ ನಿಜಕ್ಕೂ ಮೆಚ್ಚುವಂಥದ್ದು. ಪ್ಯಾನ್ ಕಾರ್ಡಿನಲ್ಲೂ ಅದೇ ಕಾಗುಣಿತ ಬರುವಂತೆ ನೋಡಿಕೊಂಡರು.

ಬಾಡಿಗೆ ಕರಾರು ವಾಡಿಕೆಯಂತೆ 11 ತಿಂಗಳದ್ದು. ಆದರೆ ಆ ಮನೆಗೆ ಕಾವೇರಿ ನೀರು ಬರುತ್ತದೆಯೇ, ಬೋರ್‌ವೆಲ್ಲೇ ಗತಿಯೇ ಎಂದು ಸಂಸ್ಥೆಯವರು ಕೇಳಿರಲೇ ಇಲ್ಲ. ಎರಡೇ ವಾರದಲ್ಲಿ ಗಡಸು ನೀರಿನಿಂದ ಕೆಟಲಿನ ತಳದಲ್ಲಿ ಬಿಳಿ ಪೊರೆ ಕಟ್ಟಿತು. ಬೇಸಿಗೆಯಲ್ಲಿ ಟ್ಯಾಂಕರಿನ ಖರ್ಚೂ ತಲೆಗೆ ಬಂತು. (ಅಳಿಯಂದಿರು ಮೊದಲು ಕಲಿತ ಕನ್ನಡ ಪದ 'ನಮಸ್ಕಾರ'ವಲ್ಲ, 'ನೀರು ಬಂತಾ?') ಆದ್ದರಿಂದ ನೋಂದಣಿಗೆ ಇಂಥವರ ನೆರವು ಪಡೆಯಿರಿ, ಮನೆಯನ್ನು ಮಾತ್ರ, ಮುಂಗಡ ಕೊಡುವ ಮುನ್ನ ನಲ್ಲಿ ತಿರುಗಿಸಿ ನೀವೇ ನೋಡಿ.